ಜ್ವರ ಬಂದವನ ಪಗಾರ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಕಾಯಿಲೆಯ ಮಾತೇಕೆ ಎಂದು ನೀವು ಕೇಳಬಹುದು. ಈ ಮುಂಬಯಿಯಲ್ಲಿ ಕನ್ನಡಿಗರ ಹೆಸರನ್ನು ಬೀದಿಬೀದಿಗೆ ಮುಟ್ಟಿಸಿದ್ದು ಉಡುಪಿ ಹೋಟೆಲು. ಅದರ ಒಲೆಯ ಮುಂದೆ ನಿಂತವನ ಮಾತನ್ನು ಇಲ್ಲಿ ಆಡದೆ ಇನ್ನೆಲ್ಲಿ ಆಡಲಿ?

ದೋಸೆ ಹುಯ್ಯುವ ಹುಡುಗನಿಗೆ ಬೆಳಗ್ಗೆ ಮೈ ಕಾದಿದೆ, ಕೆಮ್ಮು ಬೇರೆ. ಮಲಗಿದರೆ ಆ ದಿನದ ಪಗಾರ ಹೋಯಿತು. ಊರಿಗೆ ಕಳುಹಿಸುವ ಹಣದಲ್ಲಿ ಅಷ್ಟು ಕಡಿಮೆ. ಮಾತ್ರೆಯೊಂದನ್ನು ನುಂಗಿ ಕಾವಲಿಯ ಮುಂದೆ ನಿಲ್ಲುತ್ತಾನೆ. ಫ್ಲೂ ಜ್ವರ ಹೆಚ್ಚಾಗಿ ಹರಡುವುದು ಮೊದಲ ಮೂರು ನಾಲ್ಕು ದಿನಗಳಲ್ಲಿಯೇ. ವಾಂತಿಭೇದಿಯ ರೋಗಾಣುಗಳಾದರೋ ಕೈಯಿಂದ ಚಟ್ನಿಗೆ, ಚಟ್ನಿಯಿಂದ ಗಿರಾಕಿಯ ಹೊಟ್ಟೆಗೆ ಇಳಿಯುತ್ತವೆ. ರಾತ್ರಿ ಅದೇ ಕೋಣೆಯಲ್ಲಿ ಮಗ್ಗುಲಿಗೆ ಮಲಗುವ ಜೊತೆಗಾರರ ಪಾಡನ್ನಂತೂ ಕೇಳಲೇಬೇಡಿ. ಗಲ್ಲೆಯಲ್ಲಿ ಉಳಿದ ಒಂದು ದಿನದ ಪಗಾರವನ್ನು ಹೀಗೆ ಹತ್ತು ಮನೆಯವರು ತೆರುತ್ತಾರೆ.

ಇದನ್ನು ಲೋಕ ಅರಿಯದೆ ಇಲ್ಲ. ಜರ್ಮನಿಯಲ್ಲಿ 1883ರಲ್ಲಿಯೇ ಬಿಸ್ಮಾರ್ಕನು ಕಾಯಿಲೆಯ ವಿಮೆ ತಂದನು. (ಕಾರ್ಮಿಕರ ಮೇಲಣ ಕರುಣೆಗಿಂತ ಸಮಾಜವಾದಿಗಳ ಅಂಜಿಕೆಯೇ ಅವನಿಗೆ ಹೆಚ್ಚಾಗಿತ್ತೆನ್ನಿ.) ನಮ್ಮಲ್ಲಿ ಪ್ರೊಫೆಸರ್ ಅಡಾರ್ಕರರು 1944ರಲ್ಲಿ ವರದಿ ಕೊಟ್ಟರು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಾಯಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ, ದಿಲ್ಲಿಗಳಲ್ಲಿ ಯೋಜನೆ ಆರಂಭವಾಯಿತು. ನಾವು ಇ.ಎಸ್.ಐ. ಎನ್ನುವುದು ಇದನ್ನೇ. ವಿಮೆಯ ಕಂತು ಕಟ್ಟಿದವನು ಕಾಯಿಲೆಬಿದ್ದರೆ ವರುಷಕ್ಕೆ 91 ದಿನಗಳವರೆಗೆ ಪಗಾರದ ನೂರಕ್ಕೆ 70 ಪಾಲು ದೊರೆಯುತ್ತದೆ. ಕ್ಷಯದಂಥ ದೀರ್ಘರೋಗಕ್ಕೆ ಎರಡು ವರುಷಗಳವರೆಗೂ ನೂರಕ್ಕೆ 80. ಕ್ಷಯದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ಮನೆ ಹಸಿದಿದೆಯೆಂದು ನಡುವೆ ಬಿಟ್ಟು ಕೆಲಸಕ್ಕೆ ಓಡಿದರೆ ಔಷಧಕ್ಕೆ ಬಗ್ಗದ ಕ್ಷಯ ಇಡೀ ಚಾಳಿಗೆ ಗಂಟುಬಿದ್ದೀತು.

ಆದರೆ ಒಂದು ತೊಡಕು. ಸಾಧಾರಣವಾಗಿ ಕಾಯಿಲೆಯ ಮೊದಲ ಎರಡು ದಿನಗಳಿಗೆ ಈ ವಿಮೆಯ ಹಣ ಸಿಕ್ಕದು. ಸುಳ್ಳು ಕಾಯಿಲೆಯವರನ್ನು ತಡೆಯಲು ಅದು ಬೇಕೆನ್ನುವವರಿದ್ದಾರೆ. ಇರಬಹುದು, ಆದರೆ ಜ್ವರ ಹರಡುವ ದಿನಗಳೂ ಅವೇ ಅಲ್ಲವೇ! ನಮ್ಮ ತವರುನಾಡಿನ 1961ರ ಅಂಗಡಿಗಳ ಕಾಯಿದೆಯೇ ವರುಷಕ್ಕೆ 12 ದಿನ ಪಗಾರಸಹಿತ ಕಾಯಿಲೆಯ ರಜೆಯನ್ನು ಕೊಟ್ಟಿತು. ಮಹಾರಾಷ್ಟ್ರದ 2017ರ ಕಾಯಿದೆಯಲ್ಲಿ ಪಗಾರಸಹಿತ ಸಾಂದರ್ಭಿಕ ರಜೆ 8 ದಿನವಿದೆ. ಸಣ್ಣ ಹೋಟೆಲುಗಳಿಗೆ ಅದು ತಲುಪುವುದಿಲ್ಲ.

ಸಭೆಯಲ್ಲಿ ಹೋಟೆಲು ಯಜಮಾನರು ಅನೇಕರಿದ್ದೀರಿ. ನಿಮ್ಮಲ್ಲಿ ಕೆಲವರು ಹುಡುಗರಾಗಿ ಬಂದು ಕಪ್ಪುಬಸಿ ತೊಳೆದವರು. ಜ್ವರದಲ್ಲಿ ನಿಂತು ಕೆಲಸ ಮಾಡುವುದು ಎಂಥದೆಂದು ನಾನು ಹೇಳಬೇಕಾಗಿಲ್ಲ. ಆ ಮೊದಲ ಎರಡು ದಿನಗಳ ಪಗಾರವನ್ನು ಗಲ್ಲೆಯಿಂದಲೇ ಕೊಡಿರಿ. ಡಾಕ್ಟರ ಚೀಟಿಗಾಗಿ ಅವನನ್ನು ಜ್ವರದ ಮೈಯಲ್ಲಿ ಸಾಲಿನಲ್ಲಿ ನಿಲ್ಲಿಸಬೇಡಿರಿ. ನಾಳೆ ಬೆಳಗ್ಗೆ ಹೋಟೆಲು ತೆರೆಯುವಾಗ ಯಾರಾದರೂ ಕೆಮ್ಮುತ್ತ ಬಂದರೆ, ಅಲ್ಲಿಂದಲೇ ಇದನ್ನು ಆರಂಭಿಸಬಹುದು.