ಕಾಟನ್ ದೊರೆಯೂ ನಮ್ಮ ಭದ್ರೆಯ ನೀರೂ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭದಿನ ಯಾರಾದರೂ ಒಬ್ಬ ಮಹನೀಯರನ್ನು ನೆನೆದು ನಾಲ್ಕು ಮಾತಾಡಿ ಅಂತ ಆಡಳಿತ ಮಂಡಳಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಇಂಜಿನಿಯರ್ ಅಂದ ಕೂಡಲೇ ನಮ್ಮ ಜನರ ಬಾಯಲ್ಲಿ ಬರೋದು ವಿಶ್ವೇಶ್ವರಯ್ಯನವರ ಹೆಸರು. ಬರಬೇಕಾದ್ದೇ. ಆದರೆ ಅವರು ಹುಟ್ಟುವುದಕ್ಕೂ ಮೊದಲೇ ಗೋದಾವರಿಗೆ ಒಡ್ಡು ಕಟ್ಟಿದ ಒಬ್ಬ ಪುಣ್ಯಾತ್ಮರಿದ್ದರು. ಅವರೇ ಸರ್ ಆರ್ಥರ್ ಕಾಟನ್. ಆಂಧ್ರದ ರೈತರು ಅವರನ್ನು ಇವತ್ತಿಗೂ ‘ಕಾಟನ್ ದೊರೆ’ ಅಂತಲೇ ಕರೀತಾರೆ.

ಕಾಟನ್ ಹುಟ್ಟಿದ್ದು 1803ರ ಮೇ 15ರಂದು, ಇಂಗ್ಲೆಂಡಿನಲ್ಲಿ. ಹದಿನೆಂಟರ ವಯಸ್ಸಿಗೇ, 1821ರಲ್ಲಿ, ಕಂಪನಿ ಸರ್ಕಾರದ ಇಂಜಿನಿಯರಾಗಿ ಮದ್ರಾಸಿಗೆ ಬಂದರು. ಮುಂದೆ ಅವರು ಕಾವೇರಿ ಕೆಲಸಕ್ಕೆ ಕೈಹಾಕಿದರು. ಅಲ್ಲಿ ಚೋಳರ ಕಾಲದ ಕಲ್ಲಣೆ ಇದೆಯಲ್ಲ, ಅದನ್ನು ಕಂಡು ಬೆರಗಾದರು. ತಳ ಸಿಗದ ಮರಳಿನ ಮೇಲೆ ಕಲ್ಲು ನಿಲ್ಲಿಸುವ ವಿದ್ಯೆಯನ್ನು ನಾವು ಕಲಿತದ್ದು ಈ ದೇಶದ ಹಿಂದಿನವರಿಂದಲೇ ಅಂತ ಮುಚ್ಚುಮರೆ ಇಲ್ಲದೆ ಬರೆದರು. ಆಳುವ ಜಾತಿಯವನು ಆಳಿಸಿಕೊಂಡವರಿಂದ ಕಲಿತೆ ಅಂತ ಒಪ್ಪೋದು ಸಣ್ಣ ಮಾತಲ್ಲ. ಆ ವಿದ್ಯೆಯಿಂದ 1836ರಲ್ಲಿ ಕೊಳ್ಳಿಡಂ ನದಿಗೆ ಮೇಲಣೆ ಕಟ್ಟಿದರು.

1832-33ರಲ್ಲಿ ಆ ಕಡೆಯ ಸೀಮೆಗೆ ಘೋರ ಬರ ಬಿತ್ತು. ಪಕ್ಕದಲ್ಲೇ ಗೋದಾವರಿ ತುಂಬಿ ಹರಿದು ಸಮುದ್ರ ಸೇರುತ್ತಿದ್ದಳು, ದಡದ ಜನ ಅನ್ನ ಇಲ್ಲದೆ ಸಾಯುತ್ತಿದ್ದರು. ಕಾಟನ್ ಆ ಸೀಮೆಯನ್ನು ಸುತ್ತಿ ನೋಡಿ, ಸರ್ಕಾರಕ್ಕೆ ವರದಿ ಮೇಲೆ ವರದಿ ಬರೆದು, 1847ರಲ್ಲಿ ಧವಳೇಶ್ವರದಲ್ಲಿ ಕೆಲಸ ಶುರು ಮಾಡಿಸಿದರು. ನದಿಯ ನಾಲ್ಕು ಕವಲುಗಳಿಗೂ ಸೇರಿಸಿ ಸುಮಾರು ಎರಡೂಕಾಲು ಮೈಲಿ ಉದ್ದದ ಒಡ್ಡು. 1852ಕ್ಕೆ ಮುಗಿಯಿತು. ಕಂಪನಿ ಹಣ ಕೊಟ್ಟದ್ದು ರೈತನ ಮೇಲಿನ ಕರುಣೆಗಲ್ಲ, ಕಂದಾಯ ಹೆಚ್ಚುತ್ತೆ ಅಂತ. ಅದು ನಿಜವೇ. ಆದರೆ ಹಠ ಹಿಡಿದು ಕೆಲಸ ಮಾಡಿಸಿದ ಮನುಷ್ಯನ ಕಣ್ಣು ಕಂದಾಯದ ಲೆಕ್ಕದ ಮೇಲಷ್ಟೇ ಇರಲಿಲ್ಲ. ಇಂದು ಅಲ್ಲಿ ಹತ್ತು ಲಕ್ಷ ಎಕರೆಗೂ ಮೇಲ್ಪಟ್ಟು ನೀರುಣ್ಣುತ್ತದೆ. ಹಳೇ ಒಡ್ಡಿನ ಜಾಗದಲ್ಲಿ ಈಗ ಎದ್ದಿರುವ ಹೊಸ ಬ್ಯಾರೇಜಿಗೂ ಅವರ ಹೆಸರೇ ಇಟ್ಟಿದ್ದಾರೆ.

ಇನ್ನು ಅವರ ಮನೆಯ ಮಾತು. ಆರೋಗ್ಯ ಕೆಟ್ಟು ರಜೆಯಲ್ಲಿ ಹೋಗಿದ್ದಾಗ, 1841ರಲ್ಲಿ ಎಲಿಜಬೆತ್ ಲಿಯರ್ಮಂತ್ ಎಂಬಾಕೆಯನ್ನು ಮದುವೆಯಾದರು. ಗೋದಾವರಿ ಕೆಲಸದ ಕಾಲದಲ್ಲಿ ಆ ತಾಯಿ ಬಿಸಿಲು, ಜ್ವರ ಎಲ್ಲ ತಡೆದುಕೊಂಡು ಜೊತೆಗಿದ್ದರು. ಕಾಟನ್ ಬಹಳ ದೈವಭಕ್ತ ಕ್ರೈಸ್ತರು. ಪಾದ್ರಿಯ ಪಟ್ಟ ಕಟ್ಟಿಕೊಂಡವರಲ್ಲ, ಆದರೆ ಬೈಬಲ್ಲು ಮತ್ತು ಪ್ರಾರ್ಥನೆ ಅವರ ದಿನಚರಿಯಲ್ಲೇ ಇತ್ತು. ತಮ್ಮ ಧರ್ಮದ ಕೆಲಸಕ್ಕೆ ಬೆಂಬಲವಾಗಿ ನಿಂತರು, ನೀರನ್ನು ಮಾತ್ರ ಎಲ್ಲ ಜಾತಿಯವರ ಗದ್ದೆಗೂ ಹರಿಸಿದರು. ಅವರು ತೀರಿಕೊಂಡ ಮೇಲೆ 1900ರಲ್ಲಿ ಅವರ ಜೀವನಚರಿತ್ರೆಯನ್ನು ಪುಸ್ತಕವಾಗಿ ಬರೆದವರು ಸ್ವಂತ ಮಗಳು, ಲೇಡಿ ಹೋಪ್. ಊರಿಗೆ ದೊಡ್ಡವರು ಮನೆಗೆ ಬೇಡವಾಗಿರೋದನ್ನು ನಾವೆಲ್ಲ ಕಂಡಿದ್ದೇವೆ. ಮಗಳೇ ಕೂತು ಅಪ್ಪನ ಚರಿತ್ರೆ ಬರೀಬೇಕು ಅಂದರೆ ಅದಕ್ಕಿಂತ ಸರ್ಟಿಫಿಕೇಟು ಬೇಕೇ?

ಬಂಧುಗಳೇ, ಕಾಟನ್ನರು ಸೋತ ಒಂದು ಕಥೆಯೂ ಇದೆ, ಅದು ನಮ್ಮ ನೀರಿನದೇ. ಲಕ್ಕವಳ್ಳಿ ದಾಟಿದ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ, ಮುಂದೆ ಕರ್ನೂಲಿನ ಕಡೆ ಹೋಗುತ್ತಾಳೆ. ಅಲ್ಲಿ ಸುಂಕೇಸುಲದಲ್ಲಿ ಒಡ್ಡು ಕಟ್ಟಿ ಕಡಪದವರೆಗೆ ಕಾಲುವೆ ತೆಗೆಯುವ ಯೋಜನೆಗೆ ಕಾಟನ್ನರೇ ಪ್ರೇರಣೆ. ಒಂದು ಖಾಸಗಿ ಕಂಪನಿ ಆ ಕೆಲಸ ಹಿಡಿಯಿತು. ಖರ್ಚು ಅಂದಾಜು ಮೀರಿತು. ಎರೆಭೂಮಿಯ ರೈತರು ಮಳೆ ಚೆನ್ನಾಗಿ ಆದ ವರ್ಷ ದುಡ್ಡು ಕೊಟ್ಟು ನೀರು ತಗೊಳ್ಳೋಕೆ ಒಪ್ಪಲಿಲ್ಲ. ಕೊನೆಗೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ಈ ಮಧ್ಯೆ 1878ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಕಾಟನ್ನರು ಪಾರ್ಲಿಮೆಂಟಿನ ಸಮಿತಿಯ ಮುಂದೆ ಕೂತು ನೀರಾವರಿಯ ಪರವಾಗಿ ಉತ್ತರ ಕೊಡಬೇಕಾಯಿತು. ಆಗಷ್ಟೇ ನಮ್ಮ ಮೈಸೂರು ಸೀಮೆಯಲ್ಲೂ ಲಕ್ಷಗಟ್ಟಲೆ ಜನ ಬರಕ್ಕೆ ಬಲಿಯಾಗಿದ್ದರು.

ಈ ಸೋಲಿನಿಂದ ನಾವು ತಿಳಿಯಬೇಕಾದ್ದು ಇಷ್ಟೆ: ಇಂಜಿನಿಯರು ಎಷ್ಟೇ ದೊಡ್ಡವನಿರಲಿ, ಅವನು ನೀರನ್ನು ಹೊಲದ ಬದುವಿನ ತನಕ ತಂದುಕೊಡಬಹುದು. ಅಲ್ಲಿಂದಾಚೆಗೆ ರೈತರೇ ಒಟ್ಟಾಗಿ ಕೂತು ತೀರ್ಮಾನ ಮಾಡಬೇಕು.

ಇದನ್ನು ಈಗ ಯಾಕೆ ಹೇಳ್ತೀವಿ ಅಂದರೆ, ಭದ್ರಾ ಮೇಲ್ದಂಡೆಯ ನೀರು ನಮ್ಮ ಬಾಗಿಲಿಗೆ ಬಂದಿದೆ. ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿಎಂಸಿ ಅಂತ ಲೆಕ್ಕ. ತರೀಕೆರೆ ಕಡೆ ಪಂಪು ಮಾಡಿ, ಅಜ್ಜಂಪುರದ ಹತ್ತಿರ ಸುರಂಗ ಕೊರೆದು ನೀರು ಹಾಯಿಸಿದ್ದಾರೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೆ ಮೊದಲು ಕೋಡಿ ಬಿದ್ದಿದ್ದು 1933ರಲ್ಲಿ. ಹನಿ ನೀರಾವರಿ ಮಾಡಿಕೊಳ್ಳಬೇಕು ಅಂತಲೂ ಯೋಜನೆಯಲ್ಲೇ ಇದೆ. ಆದರೆ ಊರಲ್ಲಿ ನಾವೇನು ಮಾಡ್ತಿದ್ದೀವಿ? ನೀರು ಬರುವ ಮೊದಲೇ ರಾಗಿ, ಈರುಳ್ಳಿ ಹೊಲಕ್ಕೆಲ್ಲ ಅಡಿಕೆ ಸಸಿ ಇಡ್ತಿದ್ದೀವಿ. ಕೆರೆ ಹೂಳು ತೆಗೆಯೋಣ ಅಂದರೆ ಹತ್ತು ಜನ ಬರಲ್ಲ, ತೂಬಿನ ಹತ್ತಿರ ಜಗಳಕ್ಕೆ ನೂರು ಜನ ಬರ್ತಾರೆ. ಇದರಲ್ಲಿ ನಾವೂ ಸೇರಿದ್ದೀವಿ, ಯಾರೋ ಒಬ್ಬರ ಮೇಲೆ ಹಾಕೋ ಮಾತಲ್ಲ.

ಸಾಲ, ಗೊಬ್ಬರ, ಬಿತ್ತನೆ ಬೀಜ ಹಂಚಿ ಇಪ್ಪತ್ತೈದು ವರ್ಷ ನಡೆದು ಬಂದ ಈ ಸಂಘ, ಇನ್ನು ಮುಂದೆ ನೀರು ಹಂಚಿಕೊಳ್ಳೋದನ್ನೂ ಕಲಿಸಬೇಕು. ಯಾರ ಹೊಲಕ್ಕೆ ಎಷ್ಟು, ಯಾವ ಬೆಳೆ, ಕಾಲುವೆ ರಿಪೇರಿಗೆ ಯಾರು ಬರಬೇಕು, ಇದನ್ನು ಮಹಾಸಭೆಯಲ್ಲಿ ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆಸೋಣ.

ಕಾಟನ್ನರು ತೊಂಬತ್ತಾರು ವರ್ಷ ಬಾಳಿ, 1899ರ ಜುಲೈ 24ರಂದು ಇಂಗ್ಲೆಂಡಿನ ಡಾರ್ಕಿಂಗ್‌ನಲ್ಲಿ ತೀರಿಕೊಂಡರು. ಮುಪ್ಪಿನಲ್ಲೂ ಮನೆಯ ತೋಟದಲ್ಲಿ ನೆಲ ಆಳವಾಗಿ ಅಗೆಸಿ ಗೋಧಿ ಬೆಳೆದು ನೋಡುತ್ತಿದ್ದರು. ಅಂಥವರನ್ನು ನೆನೆದದ್ದಕ್ಕೆ ಸಾರ್ಥಕವಾಗಬೇಕಾದರೆ ಬರುವ ಬೇಸಿಗೆಯಲ್ಲಿ ನಮ್ಮೂರ ಕೆರೆ ಹೂಳಿಗೆ ಮನೆಗೊಬ್ಬರು ಗುದ್ದಲಿ ಹಿಡಿದು ಬನ್ನಿ. ನಾವಂತೂ ಬರ್ತೀವಿ.

 ಜೈ ಸಹಕಾರ.