ಚಿಟಿಕೆ ಬೀಜ, ಮಡಿ ತುಂಬ ಹೂವು



ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿ ಸಾಲಾಗಿ ಇಟ್ಟಿರುವ ಪೆಟೂನಿಯ, ಚೆಂಡುಹೂಗಳ ಕುಂಡಗಳೆಲ್ಲ ಮೂರು ನಾಲ್ಕು ತಿಂಗಳ ಹಿಂದೆ ಬರೀ ಚಿಟಿಕೆ ಬೀಜವಾಗಿದ್ದವು. ಈ ಕೆಲಸವನ್ನು ನಿಮ್ಮ ಮನೆಯ ತಾರಸಿಯ ಮೇಲೂ ಮಾಡಬಹುದು.

ಮೊದಲು ಲೆಕ್ಕ ಹಾಕಬೇಕು. ಚೆಂಡುಹೂವಿನ ಗಿಡ ಬಿತ್ತಿದ ಸುಮಾರು 60-70 ದಿನಗಳಿಗೆ ಹೂ ಬಿಡುತ್ತದೆ. ಆಯುಧಪೂಜೆಗೆ ನಿಮ್ಮದೇ ಹೂವು ಬೇಕೆಂದರೆ ಜುಲೈ ತಿಂಗಳಲ್ಲೇ ಬೀಜ ಮಣ್ಣಿಗೆ ಬಿದ್ದಿರಬೇಕು. ಹಬ್ಬದ ಹಿಂದಿನ ತಿಂಗಳು ಬೀಜ ಹುಡುಕಲು ಹೊರಟರೆ ಪೇಟೆಯಲ್ಲಿ ಮಾರಿನ ಲೆಕ್ಕದಲ್ಲಿ ಕೊಳ್ಳುವುದೇ ಗತಿ!

ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಸಮಪಾಲಿನಲ್ಲಿ ಬೆರೆಸಿ, ತಳದಲ್ಲಿ ತೂತಿರುವ ಅಗಲವಾದ ಕುಂಡದಲ್ಲಿ ತುಂಬಿರಿ. ಬೀಜವನ್ನು ಎಷ್ಟು ಆಳಕ್ಕೆ ಹಾಕಬೇಕು? ಅದರ ಗಾತ್ರದ ಎರಡು ಮೂರು ಪಟ್ಟು ಸಾಕು. ಪೆಟೂನಿಯ ಮಾತ್ರ ಬೇರೆ. ಅದರ ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿನಲ್ಲಿ ಸಾವಿರಾರು ಬೀಜಗಳಿರುತ್ತವೆ. ಮೊಳೆಯಲು ಅದಕ್ಕೆ ಬೆಳಕೂ ಬೇಕು. ಆದ್ದರಿಂದ ಒಣ ಮರಳಿನೊಡನೆ ಬೆರೆಸಿ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿಬಿಡಿ, ಮಣ್ಣು ಮುಚ್ಚಬೇಡಿ. ಜಿನಿಯಾ ಬೇರು ಕದಲಿಸುವುದನ್ನು ಸಹಿಸುವುದಿಲ್ಲ, ಅದನ್ನು ಬೆಳೆಯಬೇಕಾದ ಜಾಗದಲ್ಲೇ ಬಿತ್ತುವುದು ಮೇಲು.

ಸಸಿಗಳು ಹೆಚ್ಚಾಗಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಒತ್ತಾಗಿ ಬಿತ್ತಿ, ಸಂಜೆ ಸಂಜೆ ನೀರು ಸುರಿದರೆ ಮಣ್ಣಿನಲ್ಲಿರುವ ಬೂಷ್ಟು ಎಳೆಯ ಕಾಂಡದ ಬುಡವನ್ನು ಕೊಳೆಸುತ್ತದೆ. ನಿನ್ನೆ ನೆಟ್ಟಗಿದ್ದ ಸಸಿ ಇಂದು ಅಡ್ಡಬಿದ್ದಿರುತ್ತದೆ. ತೆಳುವಾಗಿ ಬಿತ್ತಿ, ಬೆಳಿಗ್ಗೆ ಸಣ್ಣ ತೂತುಗಳ ಡಬ್ಬಿಯಿಂದ ನೀರು ಚಿಮುಕಿಸಿ. ನಾಲ್ಕು ನಿಜ ಎಲೆ ಬಂದಾಗ ಕಿತ್ತು ನೆಡಿ. ಚೆಂಡುಹೂವಿನ ಗಿಡ ನೆಲಕ್ಕೆ ಹೊಂದಿಕೊಂಡ ಮೇಲೆ ತುದಿಯನ್ನು ಚಿವುಟಿಬಿಡಿ. ಕವಲು ಹೆಚ್ಚಿ ಹೂವೂ ಹೆಚ್ಚುತ್ತದೆ.

ಇನ್ನು ಮುಂದಿನ ವರ್ಷದ ಬೀಜದ ಮಾತು. ಪೊಟ್ಟಣದ ಮೇಲೆ 'ಎಫ್-1' ಎಂದು ಬರೆದಿರುವುದನ್ನು ಗಮನಿಸಿದ್ದೀರಾ? ಅದು ಎರಡು ತಳಿಗಳನ್ನು ಸಂಕರಿಸಿ ಪಡೆದ ಮೊದಲ ಪೀಳಿಗೆ. ಗಿಡಗಳೆಲ್ಲ ಒಂದೇ ಎತ್ತರ, ಒಂದೇ ಬಣ್ಣ. ಅವುಗಳಿಂದ ಬೀಜ ಆರಿಸಿ ಬಿತ್ತಿದರೆ ಒಂದು ಕುಳ್ಳು, ಒಂದು ಉದ್ದ, ಒಂದು ಒಂಟಿ ಸುತ್ತಿನ ಹೂವು. ಅಂಗಡಿಯವನು ಮೋಸ ಮಾಡಿದನೆಂದು ದೂರಬೇಡಿ. ಮೆಂಡಲ್ 1865ರಲ್ಲಿ ಬಟಾಣಿ ಗಿಡಗಳ ಬಗ್ಗೆ ಹೇಳಿದ್ದೇ ನಿಮ್ಮ ಕುಂಡದಲ್ಲಿ ನಡೆದಿದೆ: ಮೊದಲ ಪೀಳಿಗೆಯಲ್ಲಿ ಅಡಗಿದ್ದ ಗುಣಗಳು ಎರಡನೆಯದರಲ್ಲಿ ಬೇರ್ಪಟ್ಟು ಹೊರಬಂದಿವೆ. ಜೀವಶಾಸ್ತ್ರ ಓದುವವರು ಬೇಕೆಂದೇ ಇದನ್ನು ಬಿತ್ತಿ ಎಣಿಸಿ ನೋಡಬಹುದು. ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಸಂಕರವಲ್ಲದ ತಳಿ ಕೊಳ್ಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಕಾಮಿನಿ', 'ಪೂರ್ಣಿಮಾ' ಆಸ್ಟರ್‌ಗಳು ಬಹುಮಟ್ಟಿಗೆ ತಮ್ಮಂತೆಯೇ ಬರುತ್ತವೆ. ಆದರೆ ಆಸ್ಟರ್ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ವರ್ಷದೊಳಗೆ ಬಿತ್ತಿಬಿಡಬೇಕು. ಕರ್ಣಕುಂಡಲದ ಕಾಯಿಯದು ಇನ್ನೊಂದು ಚೇಷ್ಟೆ: ಮಾಗಿದ ಮೇಲೆ ಮುಟ್ಟಿದರೆ ಸಾಕು, ಸಿಡಿದು ಬೀಜವೆಲ್ಲ ಚೆಲ್ಲಾಪಿಲ್ಲಿ. ಕಾಯಿ ಬಣ್ಣ ತಿರುಗುತ್ತಲೇ ಕಾಗದದ ಚೀಲದೊಳಗೆ ಬಿಡಿಸಿಕೊಳ್ಳಿ.

ಆರಿಸಿದ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಸೀಸೆಯಲ್ಲಿಟ್ಟು, ಹೂವಿನ ಹೆಸರು, ಬಣ್ಣ, ತಿಂಗಳು, ಇಸವಿ ಬರೆದು ಅಂಟಿಸಿ. ಆರು ತಿಂಗಳಾದ ಮೇಲೆ ಯಾವುದು ಯಾವ ಬಣ್ಣದ್ದೆಂದು ಬೀಜ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.