ರೋಗಿಯ ದಾರಿಖರ್ಚು ಮತ್ತು ನಮ್ಮ ಸಂಘ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಸಾಲದ ವಿಚಾರವನ್ನು ಹಿರಿಯರು ಆಗಲೇ ಮಾತಾಡಿದ್ದಾರೆ. ನಾನು ಕ್ಯಾನ್ಸರ್ ರೋಗಿಗಳ ದಾರಿಖರ್ಚಿನ ಬಗ್ಗೆ ಎರಡು ಮಾತು ಹೇಳ್ತೀನಿ.

ಈ ಕಾಯಿಲೆ ಅಂದರೆ ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯವರಿಗೆ ಮೊದಲು ನೆನಪಾಗೋದು ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಶುರುವಾದ ಆಸ್ಪತ್ರೆ ಅದು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಜೊತೆಗೆ ಹೋದವರ ಬಸ್ ಚಾರ್ಜು, ಊಟ, ತಪ್ಪಿದ ಕೂಲಿ ಎಲ್ಲಾ ಕೈಯಿಂದಲೇ. ಕರೆಂಟು ಕೊಡಿಸೋದು ಅಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ. ಕೀಮೋ ಅನೇಕರಿಗೆ ಮೂರು ವಾರಕ್ಕೊಮ್ಮೆ. ಕಾರು ಮಾಡಿಕೊಂಡು ಹೋದರೆ ಬಾಡಿಗೆ, ವೇಟಿಂಗು, ಪಾರ್ಕಿಂಗು. ಎರಡು ಸಲ ಹೋಗಿ ಬಂದವರು ಮೂರನೇ ಸಲಕ್ಕೆ "ಸ್ವಲ್ಪ ಗುಣ ಆಯ್ತಲ್ಲ" ಅಂತ ನಿಲ್ಲಿಸಿಬಿಡ್ತಾರೆ. ಚಿಕಿತ್ಸೆ ಅರ್ಧಕ್ಕೆ ನಿಂತರೆ ಕಾಯಿಲೆ ಮರಳುವ ಅಪಾಯ ಹೆಚ್ಚು.

ಇರುವ ಸೌಲಭ್ಯವೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರದಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ರಿಯಾಯಿತಿ ಇದೆ. ಸೆಕೆಂಡ್ ಕ್ಲಾಸಿನಲ್ಲಿ ಇಬ್ಬರಿಗೂ ನೂರಕ್ಕೆ 75. ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ವೈದ್ಯರಿಂದ ಸಹಿ, ಮೊಹರು ಹಾಕಿಸಿ ನಿಲ್ದಾಣದ ಕೌಂಟರಿನಲ್ಲಿ ಕೊಡಬೇಕು. ಬೇಲೂರು, ಹಳೇಬೀಡಿಗೆ ರೈಲಿಲ್ಲ, ನಿಜ. ಆದರೆ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಅರಸೀಕೆರೆ ಜಂಕ್ಷನ್ ಇದೆ, ಹಾಸನ ನಿಲ್ದಾಣವೂ ಇದೆ. ಹೆಣ್ಣುಮಕ್ಕಳಿಗೆ 11 ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸು ಉಚಿತ. ಗಂಡಸರಿಗೆ ಮಾತ್ರ ಟಿಕೆಟ್ ಬೇಕೇ ಬೇಕು.

ಹಾಗಾಗಿ ನನ್ನ ಕೋರಿಕೆ ಮೂರು. ಒಂದು, ರೈಲ್ವೆ ನಮೂನೆಗಳು ಸಂಘದ ಕಚೇರಿಯಲ್ಲಿ ಸದಾ ಇರಲಿ. ಕಾರ್ಯದರ್ಶಿಗಳು ತುಂಬಿಸಿಕೊಡಲಿ. ಎರಡು, ಬೈಲಾ ಪ್ರಕಾರ ಮಹಾಸಭೆಯ ಒಪ್ಪಿಗೆ ಪಡೆದು ಲಾಭದಲ್ಲಿ ಒಂದು ಪಾಲನ್ನು ದಾರಿಖರ್ಚಿನ ನಿಧಿಗೆ ಇಡೋಣ. ಇದು ಸಾಲ ಆಗಬಾರದು, ಸಹಾಯ ಆಗಬೇಕು. ಮೂರು, ಒಂದೇ ದಿನ ಬೆಂಗಳೂರಿಗೆ ಹೋಗುವವರು ಇಬ್ಬರು ಮೂವರಿದ್ದರೆ ಸಂಘಕ್ಕೆ ತಿಳಿಸಲಿ. ಒಂದೇ ಗಾಡಿಯಲ್ಲಿ ಹೋದರೆ ಬಾಡಿಗೆಯೂ ಹಂಚಿಹೋಗುತ್ತದೆ, ಪಾರ್ಕಿಂಗೂ ಹಂಚಿಹೋಗುತ್ತದೆ.

ಇದು ಆಗದ ಮಾತಲ್ಲ. 2003ರಲ್ಲಿ ಸಹಕಾರಿ ರೈತರು ಸಣ್ಣ ಸಣ್ಣ ವಂತಿಗೆ ಕೊಟ್ಟೇ ಯಶಸ್ವಿನಿ ಯೋಜನೆ ನಡೆಯಿತು. 2018ರಲ್ಲಿ ನಿಂತರೂ 2022ರಲ್ಲಿ ಮತ್ತೆ ಜಾರಿಗೆ ಬಂತು. ಹನಿ ಹನಿ ಕೂಡಿದರೆ ಹಳ್ಳ ಅನ್ನೋದು ನಮಗೆ ಹೊಸದಲ್ಲ.

ಬಸ್ ಚಾರ್ಜಿಗೆ ದುಡ್ಡಿಲ್ಲ ಅಂತ ನಮ್ಮ ಸದಸ್ಯರ ಮನೆಯಲ್ಲಿ ಯಾರೂ ಚಿಕಿತ್ಸೆ ಬಿಡಬಾರದು. ಈ ಬೆಳ್ಳಿಹಬ್ಬದ ವರ್ಷವೇ ಇದನ್ನು ತೀರ್ಮಾನಿಸಿ ಎಂದು ಕೇಳಿಕೊಳ್ಳುತ್ತಾ ನನ್ನ ಮಾತು ಮುಗಿಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.